ಬ್ರೆಡ್ ಮಷೀನ್: ಮೈದಾದ ಬ್ರೆಡ್ ಉಬ್ಬಿ ಕುಸಿಯುತ್ತದೆ, ಗೋಧಿಯದು ಏಳುವುದೇ ಇಲ್ಲ. ಏನು ಮಾಡಲಿ?

ಗುಮ್ಮಟದೂರು_ವೈನಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾದಿನಿ ಪುಣೆಯ ಮನೆ ಖಾಲಿ ಮಾಡುವಾಗ ತನ್ನ ಬ್ರೆಡ್ ಮಷೀನ್ ನಮಗೆ ಕೊಟ್ಟುಹೋದಳು. ಮಷೀನ್ ಹೊಸದರಂತೆಯೇ ಇದೆ, ಪುಸ್ತಕವೂ ಜೊತೆಗಿದೆ. ಪುಣೆಯಲ್ಲಿ ಇದೇ ಮಷೀನ್ ಒಳ್ಳೆಯ ಬ್ರೆಡ್ ಕೊಡುತ್ತಿತ್ತು, ನಾನೇ ತಿಂದಿದ್ದೇನೆ. ವಿಜಯಪುರಕ್ಕೆ ಬಂದ ಮೇಲೆ ಅದರ ಬುದ್ಧಿ ಬದಲಾಗಿದೆ.

ಮೈದಾದ್ದು ಒಂದು ಕಥೆ. ಪುಸ್ತಕದ ಅಳತೆ 400 ಗ್ರಾಂ ಮೈದಾ, 260 ಮಿಲಿ ನೀರು, ಒಂದೂವರೆ ಚಮಚ ಯೀಸ್ಟ್, ಮತ್ತೆ ಸಕ್ಕರೆ, ಉಪ್ಪು, ಬೆಣ್ಣೆ. ಎರಡು ತಾಸು ಆಗುವಷ್ಟರಲ್ಲಿ ಮುಚ್ಚಳದ ಗಾಜಿಗೆ ತಾಗುವಷ್ಟು ಉಬ್ಬುತ್ತದೆ, ಮಕ್ಕಳು ಕುಣಿಯುತ್ತಾರೆ. ಬೇಯಲು ಶುರುವಾದ ಮೇಲೆ ನಡುವೆ ಕುಸಿದು ಗುಂಡಿ ಬೀಳುತ್ತದೆ. ಸ್ವಲ್ಪ ಹುಳಿ ವಾಸನೆ ಬೇರೆ.

ಗೋಧಿಯದು ಇನ್ನೊಂದು ಕಥೆ. ನಮ್ಮಲ್ಲಿ ಅಂಗಡಿ ಹಿಟ್ಟು ತರುವ ರೂಢಿ ಇಲ್ಲ. ಹೊಲದ್ದೇ ಗೋಧಿ, ಓಣಿಯ ಗಿರಣಿಯಲ್ಲಿ ಬೀಸಿಸಿದ ಹಿಟ್ಟು. ಅದರಲ್ಲಿ ಬ್ರೆಡ್ ಮಾಡಿದರೆ ಏಳುವುದೇ ಇಲ್ಲ. ಇಟ್ಟಿಗೆ. ಚಾಕು ಹಾಕಿದರೆ ಒಳಗೆ ಹಸಿ ಹಸಿ. ಮಾವನವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಇಷ್ಟು ಹೊತ್ತಿನಲ್ಲಿ ಒಂದು ಬುಟ್ಟಿ ರೊಟ್ಟಿ ಬಡಿಯಬಹುದಿತ್ತಲ್ಲವ್ವಾ ಎಂದರು. ಅವರ ಮಾತು ಸುಳ್ಳೂ ಅಲ್ಲ.

ತಪ್ಪು ಯಾವುದರದ್ದು, ಮಷೀನಿನದಾ, ಹಿಟ್ಟಿನದಾ, ನಮ್ಮ ಬಿಸಿಲಿನದಾ? ಇನ್ನೊಂದು ವಿಷಯ, ನಡುವೆ ಕರೆಂಟ್ ಹೋದರೆ ಏನು ಮಾಡುತ್ತೀರಿ? ಗೊತ್ತಿದ್ದವರು ಬಿಡಿಸಿ ಹೇಳಿ.

ಟಿಳಕವಾಡಿ_ಜಿಟಿಜಿಟಿ (ಬೆಳಗಾವಿ)

ವೈನಿ, ಮಷೀನ್ ಸರಿಯಾಗೇ ಇದೆ. ಅದು ಗಡಿಯಾರ ಹಿಡಿದು ಕೆಲಸ ಮಾಡುತ್ತದೆ, ಅಷ್ಟೇ. ಇಷ್ಟು ಹೊತ್ತು ನಾದು, ಇಷ್ಟು ಹೊತ್ತು ಬಿಡು, ಒಮ್ಮೆ ತಿರುಗಿಸಿ ಗಾಳಿ ತೆಗೆ, ಮತ್ತೆ ಬಿಡು, ಆಮೇಲೆ ಬೇಯಿಸು. ಕಣಕ ಆಗಲೇ ಉಬ್ಬಿ ಮುಗಿದಿದೆಯಾ ಇಲ್ಲವಾ ಎಂದು ಅದು ನೋಡುವುದಿಲ್ಲ. ಅದರ ಪುಸ್ತಕ ಬರೆದವರು ತಂಪಾದ ಅಡುಗೆಮನೆ ಇಟ್ಟುಕೊಂಡು ಬರೆದಿದ್ದಾರೆ. ನಿಮ್ಮಲ್ಲಿ ಬೇಸಿಗೆಗೆ ಹೊರಗೆ 40 ಡಿಗ್ರಿ ದಾಟುತ್ತದೆ, ಅಡುಗೆಮನೆಯ ಒಳಗೆ ಒಲೆಯ ಕಾವೂ ಸೇರಿ ಎಷ್ಟಿರಬೇಡ! ಅದರ ಮೇಲೆ ತಾರಸಿ ಟಾಕಿಯ ನೀರು, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ನಾದುವಾಗ ಮಷೀನಿನ ತಿಕ್ಕಾಟದಿಂದಲೂ ಕಣಕ ಬಿಸಿಯಾಗುತ್ತದೆ. ಯೀಸ್ಟಿಗೆ 25ರಿಂದ 35 ಡಿಗ್ರಿ ಹಿತ. ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೆ ಓಡಿ ಓಡಿ ಕೆಲಸ ಮುಗಿಸಿಬಿಡುತ್ತದೆ, 60ರ ಹತ್ತಿರ ಹೋದರೆ ಸಾಯುತ್ತದೆ. ನಿಮ್ಮದು ಓಡುತ್ತಿದೆ. ಮಷೀನ್ ಬೇಯಿಸಲು ಶುರು ಮಾಡುವ ಮೊದಲೇ ಕಣಕ ಹಿಗ್ಗುವಷ್ಟು ಹಿಗ್ಗಿ ಸೋತುಹೋಗಿರುತ್ತದೆ. ಆಮೇಲೆ ಬಿಸಿ ತಾಗಿದಾಗ ಗಾಳಿ ಹಿಡಿದುಕೊಳ್ಳುವ ಶಕ್ತಿ ಇಲ್ಲ, ಕುಸಿಯುತ್ತದೆ. ಹುಳಿ ವಾಸನೆಯೂ ಅದರದ್ದೇ ಗುರುತು.

ಹೀಗೆ ಮಾಡಿ ನೋಡಿ. ನೀರು ಫ್ರಿಜ್‌ನಿಂದ ನೇರ ಹಾಕಿ. ಯೀಸ್ಟ್ ಒಂದು ಚಮಚ ಸಾಕು, ಅಂದರೆ ಸುಮಾರು 3 ಗ್ರಾಂ, ಮೇ ತಿಂಗಳಲ್ಲಿ ಮುಕ್ಕಾಲು ಚಮಚವೂ ಸಾಕು. ನೀರು 250 ಮಿಲಿಗೆ ಇಳಿಸಿ. ಉಪ್ಪು ಮಾತ್ರ ಕಡಿಮೆ ಮಾಡಬೇಡಿ, 400 ಗ್ರಾಂ ಹಿಟ್ಟಿಗೆ 7ರಿಂದ 8 ಗ್ರಾಂ ಬೇಕು. ಉಪ್ಪು ರುಚಿಗೆ ಮಾತ್ರ ಅಂದುಕೊಳ್ಳುವವರು ಜಾಸ್ತಿ, ಆದರೆ ಯೀಸ್ಟಿನ ಓಟಕ್ಕೆ ಲಗಾಮು ಹಾಕುವುದೇ ಉಪ್ಪು. ಕಪ್ಪಿನಲ್ಲಿ ಅಳೆಯುವುದು ಬಿಟ್ಟು ಒಂದು ಸಣ್ಣ ತೂಕದ ಯಂತ್ರ ತಗೊಳ್ಳಿ. ಒತ್ತಿ ತುಂಬಿದ ಕಪ್ಪಿಗೂ ಸಡಿಲ ತುಂಬಿದ ಕಪ್ಪಿಗೂ ಬಹಳ ವ್ಯತ್ಯಾಸ ಬರುತ್ತದೆ.

ಇದೆಲ್ಲಕ್ಕಿಂತ ಮುಖ್ಯ, ನಾದಲು ಶುರುವಾದ ಮೊದಲ ಹತ್ತು ನಿಮಿಷ ಮುಚ್ಚಳ ತೆಗೆದು ನೋಡಿ. ಮುಚ್ಚಳ ಮುಟ್ಟಬಾರದು ಎನ್ನುವುದು ಕೊನೆಯ ಸಲ ಉಬ್ಬುವಾಗ ಮತ್ತು ಬೇಯುವಾಗ ಮಾತ್ರ, ನಾದುವಾಗ ಯಾರೂ ಬೇಡ ಅನ್ನುವುದಿಲ್ಲ. ಮೊದಲು ಎಲ್ಲ ಪುಡಿ ಪುಡಿ, ಮೂಲೆಯಲ್ಲಿ ಒಣ ಹಿಟ್ಟು ನಿಂತಿರುತ್ತದೆ. ಐದಾರು ನಿಮಿಷಕ್ಕೆ ಅದು ಒಂದೇ ಉಂಡೆಯಾಗಿ ಗೋಡೆ ಬಿಟ್ಟು ಸುತ್ತಬೇಕು. ಬೆರಳು ಒತ್ತಿದರೆ ಇನ್ನೇನು ಅಂಟುತ್ತದೆ ಎನ್ನುವಷ್ಟರಲ್ಲಿ ಬಿಟ್ಟುಬರಬೇಕು, ಬೆರಳಿನ ಗುಂಡಿ ನಿಧಾನ ತುಂಬಿಕೊಳ್ಳಬೇಕು. ತಳದಲ್ಲಿ ಹರಡಿ ಅಂಟಿಕೊಂಡಿದ್ದರೆ ಒಂದು ಚಮಚ ಹಿಟ್ಟು ಉದುರಿಸಿ. ಉಂಡೆ ಗಟ್ಟಿಯಾಗಿ, ಮಷೀನ್ ಢಬ ಢಬ ಎಂದು ಕಟ್ಟೆಯ ಮೇಲೆ ಸರಿಯುತ್ತಿದ್ದರೆ ಒಂದು ಚಮಚ ನೀರು. ಒಮ್ಮೆಗೇ ಸುರಿಯಬೇಡಿ, ಒಂದು ನಿಮಿಷ ಕಾದು ನೋಡಿ. ಇಲ್ಲಿ ಬೆಳಗಾವಿಯಲ್ಲಿ ಜುಲೈ ಬಂತೆಂದರೆ ಡಬ್ಬಿಯಲ್ಲಿದ್ದ ಹಿಟ್ಟೇ ತೇವ ಎಳೆದುಕೊಂಡಿರುತ್ತದೆ, ನಾನು ನೀರನ್ನು ಒಂದೆರಡು ಚಮಚ ಕಡಿಮೆ ಮಾಡಿಯೇ ಶುರು ಮಾಡುತ್ತೇನೆ. ಇದನ್ನು ಯಾವ ಪುಸ್ತಕವೂ ನಿಮ್ಮ ಪರವಾಗಿ ನೋಡುವುದಿಲ್ಲ.

ಸುಮ್ನೆ ಒಂದು ಮಾತು. ಪಾತ್ರೆಯ ಒಳಗೋಡೆಯಲ್ಲಿ ಉದ್ದಕ್ಕೆ ಉಬ್ಬು ಗೆರೆ ಇದ್ದರೆ ಕೈ ಆಡಿಸಿ ನೋಡಿ. ಮತ್ಸುಶಿತಾ, ಅಂದರೆ ಈಗಿನ ಪ್ಯಾನಾಸೋನಿಕ್, ಮನೆಯ ಬ್ರೆಡ್ ಮಷೀನ್ ಮಾಡಲು ಹೊರಟಾಗ ಅದಕ್ಕೆ ಸರಿಯಾಗಿ ನಾದಲು ಬರುತ್ತಿರಲಿಲ್ಲವಂತೆ. ತಂಡದ ಇಕುಕೊ ತನಾಕಾ ಎಂಬ ಹೆಣ್ಣುಮಗಳು ಒಸಾಕಾದ ಒಂದು ದೊಡ್ಡ ಹೋಟೆಲಿನ ಬ್ರೆಡ್ ಬಾಣಸಿಗರ ಹತ್ತಿರ ಕೆಲಸ ಕಲಿತಳು. ಅವರು ಕಣಕವನ್ನು ಸುಮ್ನೆ ತಿರುವುತ್ತಿರಲಿಲ್ಲ, ತಿರುಚಿ ಎಳೆಯುತ್ತಿದ್ದರು. ಅದನ್ನು ಮಷೀನಿನಲ್ಲಿ ತರಲು ಪಾತ್ರೆಯ ಒಳಗೆ ಗೆರೆ ಎಬ್ಬಿಸಿದರು. 1987ರಲ್ಲಿ ಆ ಮಷೀನ್ ಮಾರುಕಟ್ಟೆಗೆ ಬಂತು.

ಹೊಲದಬದು (ಜಮಖಂಡಿ)

ಅಕ್ಕಾರೆ, ಹೊಲದ ಗೋಧಿ ಎಂದಿರಿ, ಯಾವ ಗೋಧಿ ಎಂದು ಹೇಳಲಿಲ್ಲ. ನಿಮ್ಮ ಎರಡನೇ ಕಥೆ ಪೂರ್ತಿ ಅಲ್ಲೇ ಇದೆ. ಬೆಳಗಾವಿಯ ಅಣ್ಣ ಹೇಳಿದ್ದು ಮೈದಾಗೆ ಸರಿ. ಗೋಧಿಗೆ ತಣ್ಣೀರು ಹಾಕಿದ ಮಾತ್ರಕ್ಕೆ ಆಗುವುದಿಲ್ಲ.

ನಮ್ಮ ಕಡೆ ಮುಖ್ಯವಾಗಿ ಮೂರು ಜಾತಿ ಸಿಗುತ್ತವೆ. ಒಂದು ಜವೆ ಗೋಧಿ, ಮರಾಠಿಯವರು ಖಪಲಿ ಎನ್ನುತ್ತಾರೆ. ಒಕ್ಕಿದರೂ ಸಿಪ್ಪೆ ಬಿಡುವುದಿಲ್ಲ, ಬೇರೆ ಬಿಡಿಸಬೇಕು. ಹುಗ್ಗಿ, ಮಾದಲಿ, ಶಾವಿಗೆಗೆ ಇದರ ಮುಂದೆ ಯಾವುದೂ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ಎಲ್ಲ ಇದೇ ಜಾತಿ. ಎರಡು ಬನ್ಸಿ, ಅಂದರೆ ಡ್ಯೂರಮ್, ಗಟ್ಟಿ ಕಾಳು, ರವೆಗೆ ಹೇಳಿ ಮಾಡಿಸಿದ್ದು. ಮೂರು ಲೋಕವನ್, ಶರಬತಿ ಕಡೆಯವು, ಚಪಾತಿಗೆ ಬಳಸುವವು. ಬ್ರೆಡ್ಡಿಗೆ ಬೇಕಾದ್ದು ಈ ಮೂರನೆಯದು. ಜವೆಯಲ್ಲಿ ಪ್ರೋಟೀನ್ ಕಡಿಮೆ ಏನಿಲ್ಲ, ಆದರೆ ಅದರ ಅಂಟು, ಅಂದರೆ ಗ್ಲುಟನ್, ಬಲಹೀನ, ಯೀಸ್ಟ್ ಕೊಟ್ಟ ಗಾಳಿಯನ್ನು ಹಿಡಿದಿಡುವುದಿಲ್ಲ. ಬನ್ಸಿಯ ಅಂಟು ಗಟ್ಟಿ, ಹಿಗ್ಗುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದು ಎಂದು ಜವೆಯನ್ನೇ ಪೂರ್ತಿ ಹಾಕಿ, ಬ್ರೆಡ್ ಹತ್ತಿಯಂತಿರಲಿ ಎಂದರೆ ಆಗದ ಮಾತು.

ನಿಮ್ಮದು ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಡ. ಸಣ್ಣವರಿದ್ದಾಗ ರಾಶಿಯ ಹತ್ತಿರ ಕೂತು ಹಸಿ ಗೋಧಿ ಬಾಯಿಗೆ ಹಾಕಿ ಅಗಿದು ಅಂಟು ಮಾಡುತ್ತಿದ್ದೆವಲ್ಲ, ಅದೇ ಪರೀಕ್ಷೆ. ಹಿಟ್ಟಿನಲ್ಲಿ ಮಾಡುವುದಾದರೆ 50 ಗ್ರಾಂ ಹಿಟ್ಟು ಗಟ್ಟಿಯಾಗಿ ನಾದಿ, ಅರ್ಧ ತಾಸು ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಪರಾತದಲ್ಲಿ ನೀರು ಬದಲಿಸುತ್ತ ಹಿಂಡುತ್ತ ಹೋಗಿ. ಬಿಳಿ ನೀರೆಲ್ಲ ಹೋಗಿ ತಿಳಿಯಾದ ಮೇಲೆ ಕೈಯಲ್ಲಿ ಬೂದು ಬಣ್ಣದ ಅಂಟು ಉಳಿಯುತ್ತದೆ. ಎಳೆದರೆ ತೆಳ್ಳಗೆ ಹಿಗ್ಗಿ ಮತ್ತೆ ಕುಗ್ಗಿದರೆ ಬ್ರೆಡ್ ಆಗುತ್ತದೆ. ಕೈಯಲ್ಲೇ ಹರಿದು ಚೂರಾದರೆ ಆ ಹಿಟ್ಟನ್ನು ಹುಗ್ಗಿಗೆ ಬಿಡಿ.

ಇನ್ನು ಗಿರಣಿ ಹಿಟ್ಟಿನ ವಿಷಯ. ಕಲ್ಲಿನಲ್ಲಿ ಬಿಸಿಯಾಗಿ ಬೀಸಿದ ಹಿಟ್ಟಿನಲ್ಲಿ ಪಿಷ್ಟದ ಕಣ ಒಡೆದಿರುತ್ತವೆ, ಬೂಸಾ ಬೇರೆ ಇರುತ್ತದೆ. ಹಾಗಾಗಿ ನೀರು ಜಾಸ್ತಿ ಕುಡಿಯುತ್ತದೆ, ನಿಧಾನ ಕುಡಿಯುತ್ತದೆ. 400 ಗ್ರಾಂ ಗೋಧಿ ಹಿಟ್ಟಿಗೆ 300 ಮಿಲಿಯಿಂದ ಶುರು ಮಾಡಿ, 320ರವರೆಗೂ ಹೋಗಬಹುದು. ಮೊದಲು ಹಿಟ್ಟು ನೀರು ಎರಡನ್ನೇ ಕಲಸಿ ಅರ್ಧ ತಾಸು ಬಿಡಿ, ಯೀಸ್ಟ್ ಉಪ್ಪು ಆಮೇಲೆ. ಕೆಲವು ಮಷೀನಿನ ಗೋಧಿ ಪ್ರೋಗ್ರಾಂ ಈ ನೆನೆಯುವ ಕೆಲಸವನ್ನು ತಾನೇ ಮಾಡುತ್ತದೆ, ಅದಕ್ಕೇ ಶುರುವಿನಲ್ಲಿ ಬಹಳ ಹೊತ್ತು ಸುಮ್ಮನಿರುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಬೂಸಾದ ಚೂಪು ಚೂರುಗಳು ಅಂಟಿನ ಎಳೆ ಕತ್ತರಿಸುತ್ತವೆ, ಆದ್ದರಿಂದ ಸಣ್ಣ ಸಾಣಿಗೆಯಲ್ಲಿ ಒಮ್ಮೆ ಸಾಣಿಸಿ. ಅಷ್ಟಾದರೂ ಏಳದಿದ್ದರೆ ಅಂಗಡಿಯಲ್ಲಿ ಗೋಧಿ ಗ್ಲುಟನ್ ಪುಡಿ ಸಿಗುತ್ತದೆ, 400 ಗ್ರಾಂಗೆ ಎರಡು ದೊಡ್ಡ ಚಮಚ.

ಚಹಾ_ಖಾರಿ (ವಿಜಯಪುರ)

ಇಷ್ಟೆಲ್ಲ ಯಾಕ್ರೀ? ಗಾಂಧಿ ಚೌಕಿಗೆ ಹೋಗಿ ಬಿಸಿ ಬ್ರೆಡ್ ತಂದರೆ ಹತ್ತು ನಿಮಿಷದ ಕೆಲಸ. ಅಂಟು ತೊಳೆಯಬೇಕಂತೆ, ಫ್ರಿಜ್ ನೀರಂತೆ, ತೂಕವಂತೆ. ಬ್ರೆಡ್ ಮಾಡುತ್ತಿದ್ದೀರಾ, ಬಂಗಾರ ಮಾಡುತ್ತಿದ್ದೀರಾ?

ಇಳಕಲ್_ಸೆರಗು (ಇಳಕಲ್)

ಚಹಾ_ಖಾರಿ ಅಣ್ಣಾ, ತಂದು ತಿನ್ನಿ, ಯಾರು ಬೇಡ ಅಂದರು. ಒಳ್ಳೆಯ ಬೇಕರಿ ಪಕ್ಕದಲ್ಲಿದ್ದರೆ ನಾನೂ ತರುತ್ತೇನೆ. ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ ಎಂದು ಹೇಳುವವರನ್ನು ನಾನೂ ನಂಬುವುದಿಲ್ಲ. ಹಿಟ್ಟು ಅಗ್ಗ, ಕರೆಂಟ್ ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ ಆಸುಪಾಸು, ಆದರೆ ಮಷೀನಿನ ದುಡ್ಡು ತೀರಬೇಕಲ್ಲ. ವೈನಿಗೆ ಪುಕ್ಕಟೆ ಬಂದಿದೆ, ಅದು ಬೇರೆ ಮಾತು. ಮನೆಯದರಲ್ಲಿ ಏನು ಬಿದ್ದಿದೆ ಎಂದು ನಮಗೆ ಗೊತ್ತಿರುತ್ತದೆ, ನನಗೆ ಅಷ್ಟು ಸಾಕು. ಬ್ರೆಡ್ ಹಿಟ್ಟಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು ನಮ್ಮ ದೇಶದಲ್ಲಿ ನಿಲ್ಲಿಸಿದ್ದೇ 2016ರಲ್ಲಿ.

ವೈನಿ, ನಿಮಗೆ ಅವರು ಹೇಳದ ಕೆಲವು ಮಾತು. ಮೊದಲು ಯೀಸ್ಟ್ ಜೀವ ಇದೆಯಾ ನೋಡಿ. ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್, ಹತ್ತು ನಿಮಿಷಕ್ಕೆ ನೊರೆ ಏಳಬೇಕು. ಮೈದಾ ಉಬ್ಬುತ್ತಿದೆ ಎಂದರೆ ನಿಮ್ಮದು ಇನ್ನೂ ಜೀವಂತ, ಆದರೆ ನಮ್ಮ ಸೆಕೆಗೆ ಪೊಟ್ಟಣ ಒಡೆದು ಕಪಾಟಿನಲ್ಲಿಟ್ಟರೆ ಬಹಳ ದಿನ ಬಾಳುವುದಿಲ್ಲ. ಗಾಳಿ ಆಡದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ರಾತ್ರಿ ಟೈಮರ್ ಇಟ್ಟು ಮಲಗುವುದಾದರೆ ಹಾಲು, ಮೊಸರು, ಮೊಟ್ಟೆ ಹಾಕಬೇಡಿ, ಬೆಳಗಿನ ತನಕ ಆ ಸೆಕೆಯಲ್ಲಿ ಕೂತಿರುತ್ತವೆ. ಹಾಲಿನ ಪುಡಿ ಹಾಕಿ. ಟೈಮರ್ ಇಟ್ಟಾಗ ನೀರು ತಳದಲ್ಲಿ, ಅದನ್ನು ಮುಚ್ಚುವಂತೆ ಹಿಟ್ಟು, ಮೇಲೆ ಸಣ್ಣ ಗುಂಡಿ ತೋಡಿ ಯೀಸ್ಟ್. ಕೆಲವು ಮಷೀನಿಗೆ ಇದು ತಲೆಕೆಳಗು, ಯೀಸ್ಟ್ ಮೊದಲು, ನೀರು ಕೊನೆಗೆ. ಹೇಗಾದರೂ ಇರಲಿ, ನಾದಲು ಶುರುವಾಗುವ ತನಕ ಯೀಸ್ಟ್ ಒದ್ದೆಯಾಗಬಾರದು.

ನಾನು ಸಕ್ಕರೆಯ ಬದಲು ಮಹಾಲಿಂಗಪುರದ ಬೆಲ್ಲ ಹಾಕುತ್ತೇನೆ. ನೀರಿನಲ್ಲಿ ಕರಗಿಸಿ, ಸೋಸಿ, ತಣಿಸಿ ಹಾಕಬೇಕು. ಮೇಲಿನ ಬಣ್ಣ ಗಾಢ ಬರುತ್ತದೆ, ಅದಕ್ಕೆ ಮಷೀನಿನಲ್ಲಿ ತಿಳಿ ಬಣ್ಣದ ಗುಂಡಿ ಒತ್ತಿ. ಎಣ್ಣೆ ಶೇಂಗಾದ್ದೇ ಸಾಕು.

ಬೆಂದ ಮೇಲೆ ಪಾತ್ರೆಯಲ್ಲೇ ಬಿಡಬೇಡಿ, ಹಬೆ ಕೂತು ತಳ ಮೆತ್ತಗಾಗುತ್ತದೆ. ತೆಗೆದು ಜಾಲರಿಯ ಮೇಲಿಡಿ. ಗೋಧಿ ಬ್ರೆಡ್ ಒಳಗೆ ಹಸಿ ಎಂದಿರಲ್ಲ, ಬಿಸಿ ಇರುವಾಗಲೇ ಕತ್ತರಿಸಿದರೂ ಹಾಗೆ ಕಾಣುತ್ತದೆ. ಒಂದು ತಾಸು ಬಿಡಿ, ಮಕ್ಕಳು ಎಷ್ಟು ಅತ್ತರೂ ಕೊಡಬೇಡಿ. ತಳದಲ್ಲಿ ನಾದುವ ರೆಕ್ಕೆ ಸಿಕ್ಕಿಕೊಂಡು ದೊಡ್ಡ ತೂತು ಬೀಳುತ್ತದೆ ಅಲ್ವಾ? ಕೊನೆಯ ಸಲ ತಿರುಗಿ ನಿಂತ ಮೇಲೆ ಕೈಗೆ ಎಣ್ಣೆ ಹಚ್ಚಿಕೊಂಡು ಕಣಕ ಎತ್ತಿ ರೆಕ್ಕೆ ತೆಗೆದುಬಿಡಿ. ಚಾಕುವಿನಿಂದ ಕೀಳಲು ಹೋದರೆ ನಾನ್‌ಸ್ಟಿಕ್ ಲೇಪ ಹೋಯಿತು ಎಂದೇ ಲೆಕ್ಕ.

ಉಳಿದದ್ದನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಬೇಡಿ, ಹೊರಗಿಗಿಂತ ಬೇಗ ಒಣಗಿ ಗಟ್ಟಿಯಾಗುತ್ತದೆ. ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ನೇರ ಹಂಚಿನ ಮೇಲೆ. ಬೆಣ್ಣೆ ಸವರಿ ಶೇಂಗಾ ಹಿಂಡಿ ಉದುರಿಸಿ ಕೊಡಿ, ಮಾವನವರು ಏನು ಅನ್ನುತ್ತಾರೆ ನೋಡೋಣ.

ಫ್ಯೂಸ್_ಕಾಕಾ (ಬಾಗಲಕೋಟೆ, ನವನಗರ)

ಕರೆಂಟಿನ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹೇಳುತ್ತೇನೆ.

ಬಹಳ ಮಷೀನುಗಳಲ್ಲಿ ಕರೆಂಟ್ ಹೋದರೂ ಕೆಲವು ನಿಮಿಷ ನೆನಪು ಇರುತ್ತದೆ, ಹತ್ತು ನಿಮಿಷದ ಆಸುಪಾಸು. ಪುಸ್ತಕದಲ್ಲಿ ಬರೆದಿರುತ್ತದೆ. ಅಷ್ಟರೊಳಗೆ ಬಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಎಲ್ಲ ಮರೆತು ಮೊದಲಿನಿಂದ ಶುರು. ನಾದುವ ಹೊತ್ತಿನಲ್ಲಿ ಹೋದರೆ ಚಿಂತೆ ಇಲ್ಲ, ಮತ್ತೆ ಶುರು ಮಾಡಿ. ಉಬ್ಬುವಾಗ ಹೋದರೆ ಕಣಕ ತಾನೇ ಉಬ್ಬುತ್ತದೆ, ಅದಕ್ಕೆ ಕರೆಂಟ್ ಬೇಕಿಲ್ಲ. ಎಣ್ಣೆ ಸವರಿದ ಅಲ್ಯುಮಿನಿಯಂ ಡಬ್ಬಿಗೆ ಹಾಕಿ. ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸ್ಟ್ಯಾಂಡ್ ಇಟ್ಟು, ರಬ್ಬರ್ ಮತ್ತು ಸೀಟಿ ಎರಡನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ. ಆಮೇಲೆ ಡಬ್ಬಿ ಇಳಿಸಿ ಸಣ್ಣ ಉರಿಯಲ್ಲಿ 40 ನಿಮಿಷ. ಮೇಲ್ಭಾಗ ಕೆಂಪಾಗುವುದಿಲ್ಲ, ತಿನ್ನಲು ಏನೂ ತೊಂದರೆ ಇಲ್ಲ. ಬೇಯುವ ನಡುವೆ ಹೋದರೆ ಮುಚ್ಚಳ ತೆಗೆಯಬೇಡಿ, ಕರೆಂಟ್ ಬಂದ ಮೇಲೆ ಬೇಯಿಸುವ ಪ್ರೋಗ್ರಾಂ ಮಾತ್ರ ಒತ್ತಿ.

ಇನ್ವರ್ಟರ್ ಇದ್ದರೆ ನಾದುವುದು ಉಬ್ಬುವುದು ಆರಾಮ ನಡೆಯುತ್ತದೆ. ಬೇಯಿಸುವಾಗ ಹೀಟರ್ 500ರಿಂದ 600 ವ್ಯಾಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅದರ ಜೊತೆಗೆ ಫ್ಯಾನು ಲೈಟು ಹೊರುವುದಿಲ್ಲ.

ವೋಲ್ಟೇಜನ್ನೂ ನೋಡಿಕೊಳ್ಳಿ. ಹೀಟರಿನ ಶಾಖ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಬಂದರೆ ಶಾಖ ಮುಕ್ಕಾಲು ಪಾಲಿಗೆ ಬರುತ್ತದೆ. ಆಗ ಬಿಸಿಯೇರಲು ತಡವಾಗುತ್ತದೆ, ಆ ಹೊತ್ತಿನಲ್ಲಿ ಯೀಸ್ಟ್ ಇನ್ನೂ ಉಬ್ಬಿಸುತ್ತಲೇ ಇರುತ್ತದೆ, ಮೊದಲೇ ಸೋತ ಕಣಕ ಬೀಳದೆ ಏನು ಮಾಡುತ್ತದೆ? ಸಂಜೆ ಎಲ್ಲರ ಮನೆಯ ಕೂಲರ್ ತಿರುಗುವ ಹೊತ್ತಿನಲ್ಲಿ ಬೇಯಿಸಬೇಡಿ.

ಗುಮ್ಮಟದೂರು_ವೈನಿ (ವಿಜಯಪುರ)

ಎಲ್ಲರಿಗೂ ಉಪಕಾರ. ಕಾಕಾ, ನಾನು ಸಂಜೆ ಐದಕ್ಕೇ ಶುರು ಮಾಡುತ್ತಿದ್ದೆ. ಈಗ ನಸುಕಿನಲ್ಲಿ ಐದಕ್ಕೆ ಇಡುತ್ತೇನೆ. ತಣ್ಣೀರು, ಮುಕ್ಕಾಲು ಚಮಚ ಯೀಸ್ಟ್. ಮೈದಾದ ಬ್ರೆಡ್ ಗಾಜಿಗೆ ತಾಗುವುದು ನಿಂತಿತು, ಮೇಲೆ ಗುಂಡಗೆ ನಿಂತಿದೆ. ಮೊದಲಿನಷ್ಟು ಎತ್ತರ ಇಲ್ಲ, ಆದರೆ ಹುಳಿ ಹೋಗಿದೆ, ಕುಸಿದಿಲ್ಲ.

ಗೋಧಿ ತೊಳೆದು ನೋಡಿದೆ. ಜಮಖಂಡಿ ತಮ್ಮಾ, ನೀವು ಹೇಳಿದಂತೆಯೇ ಕೈಯಲ್ಲಿ ಚೂರು ಚೂರಾಯಿತು. ಮಾವನವರನ್ನು ಕೇಳಿದರೆ, ಜವೆ ಅಲ್ಲದೆ ಮತ್ತೇನು, ಹುಗ್ಗಿಗೆಂದೇ ಬಿತ್ತಿದ್ದು ಎಂದರು. ಚಪಾತಿಯ ಗೋಧಿ ಬೇರೆ ಚೀಲದಲ್ಲಿತ್ತು, ಗಿರಣಿಗೆ ಹೋಗುವ ಹುಡುಗ ಕೈಗೆ ಸಿಕ್ಕಿದ್ದು ಒಯ್ದಿದ್ದಾನೆ. ಈಗ ಐದು ಕಿಲೋ ಜವೆ ಹಿಟ್ಟು ಕೂತಿದೆ. ಅದನ್ನು ಪೂರ್ತಿ ಹುಗ್ಗಿಗೇ ಬಿಡಬೇಕಾ, ಬ್ರೆಡ್ಡಿನಲ್ಲಿ ಸ್ವಲ್ಪವಾದರೂ ಸೇರುತ್ತದಾ? ಜೋಳದ ಹಿಟ್ಟನ್ನೂ ಸೇರಿಸಬಹುದಾ? ಮನೆ ತುಂಬ ಅದೇ ಇದೆ.

ಹೊಲದಬದು (ಜಮಖಂಡಿ)

ಸೇರುತ್ತದೆ ಅಕ್ಕಾರೆ. 400 ಗ್ರಾಂನಲ್ಲಿ 100 ಗ್ರಾಂ ಜವೆ, ಉಳಿದದ್ದು ಲೋಕವನ್ ಅಥವಾ ಮೈದಾ. ರುಚಿ ಬದಲಾಗುತ್ತದೆ, ಸ್ವಲ್ಪ ಸಿಹಿ, ಕಾಳಿನ ವಾಸನೆ. ಜೋಳದಲ್ಲಿ ಅಂಟು ಇಲ್ಲವೇ ಇಲ್ಲ, ಆದ್ದರಿಂದ 50 ಗ್ರಾಂ ಮೀರಬೇಡಿ. ಅದನ್ನು ಕುದಿಯುವ ನೀರಿನಲ್ಲಿ, ರೊಟ್ಟಿಗೆ ಎಸರು ಹಾಕಿ ಕಲಸುವ ಹಾಗೇ, ಕಲಸಿ ಪೂರ್ತಿ ತಣಿಸಿ ಹಾಕಿದರೆ ಬ್ರೆಡ್ ಮರುದಿನವೂ ಮೆತ್ತಗಿರುತ್ತದೆ. ಎಸರಿಗೆ ಹಾಕಿದ ನೀರನ್ನು ಒಟ್ಟು ನೀರಿನಲ್ಲಿ ಕಳೆಯಿರಿ. ಎರಡನ್ನೂ ಒಟ್ಟಿಗೆ ಸೇರಿಸಬೇಡಿ, ಮೊದಲು ಜವೆ ಖಾಲಿ ಮಾಡಿ, ಬೇಸಿಗೆಯಲ್ಲಿ ಹುಳ ಬೇಗ ಬೀಳುತ್ತದೆ.

ಚಹಾ_ಖಾರಿ (ವಿಜಯಪುರ)

ವೈನಿ, ಜೋಳದ ಬ್ರೆಡ್ ಆದರೆ ನನಗೂ ಹೇಳಿ. ಚಹಾ ನನ್ನದು.